ಸಮುದ್ರದ ದಂಡೆಯಲ್ಲಿ ನೀರು ಉಳಿಸಿದವರು

ನಮ್ಮ ಅಪ್ಪ ನಲ್ಲಿ ಬಂದ್ ಮಾಡುವ ಮನುಷ್ಯ. ಮನೆಯ ಯಾವ ಮೂಲೆಯಲ್ಲಿ ನಲ್ಲಿ ತಿರುಗಿದ ಸದ್ದು ಕೇಳಿದರೂ ಎದ್ದು ಬರುತ್ತಾನೆ. ನಾನು ಪಾತ್ರೆ ತೊಳೆಯುವಾಗ ಹಿಂದೆ ನಿಂತು ಕಾಯುತ್ತಾನೆ. ತಟ್ಟೆಗೆ ಸೋಪು ಹಚ್ಚಲು ಒಂದು ಗಳಿಗೆ ಕೈ ಬಿಟ್ಟೆನೋ, ನಲ್ಲಿ ಬಂದ್. ಅಕ್ಕಿ ತೊಳೆದ ನೀರು ಕರಿಬೇವಿಗೆ, ಬಟ್ಟೆ ಜಾಲಿಸಿದ ನೀರು ಅಂಗಳಕ್ಕೆ, ಲೋಟದಲ್ಲಿ ಉಳಿದ ಒಂದು ಗುಟುಕು ದಾಸವಾಳದ ಬುಡಕ್ಕೆ. ಬೀದರಿನ ಸರಕಾರಿ ದವಾಖಾನೆಯಲ್ಲಿ ನರ್ಸ್ ಆಗಿ ನಿವೃತ್ತಳಾದವಳು ನಾನು. ದೊಡ್ಡ ದೊಡ್ಡ ಡಾಕ್ಟರುಗಳಿಗೆ ಮುಖದ ಮೇಲೆ ಉತ್ತರ ಕೊಟ್ಟಿದ್ದೇನೆ. ನಲ್ಲಿಯ ವಿಷಯದಲ್ಲಿ ಮಾತ್ರ ಅಪ್ಪನನ್ನು ಗೆದ್ದಿಲ್ಲ.

ಅವನು ಈಗ ಚಿದ್ರಿಯಲ್ಲಿ ನನ್ನ ಮನೆಯಲ್ಲೇ ಇದ್ದಾನೆ. ಬೆಳಿಗ್ಗೆ ರಸ್ತೆ ಬದಿಯ ಚಾ ಅಂಗಡಿಯ ಬೆಂಚಿನ ಮೇಲೆ ಅವನ ವಯಸ್ಸಿನವರ ಜೊತೆ ಕೂರುತ್ತಾನೆ. ಅಲ್ಲಿ ಅವನಿಗೊಂದು ಬಿರುದು ಇದೆ. ಕೊಟ್ಟವರು ಕಮಠಾಣದ ಒಬ್ಬ ನಿವೃತ್ತ ಬಸ್ ಕಂಡಕ್ಟರು. ಅಪ್ಪ ದೂರದಲ್ಲಿ ಕಂಡರೆ ಸಾಕು, ಅವರು ಅಂಗಡಿಯವನಿಗೆ ಹೇಳುತ್ತಾರೆ: "ಸಮುದ್ರದ ದಂಡಿ ಮ್ಯಾಲ ನೀರು ಉಳಿಸಿದವರು ಬಂದ್ರು ನೋಡ್ರಿ. ಅರ್ಧ ಚಾ ಕೊಡ್ರಿ, ಪೂರ್ತಿ ಕೊಟ್ರ ಅದನ್ನೂ ಉಳಿಸ್ತಾರ."

ಬಿರುದಿಗೆ ಕಾರಣ ಅಪ್ಪನೇ. ಬರಗಾಲದ ವರ್ಷಗಳಲ್ಲಿ ಕಡಲ ದಂಡೆಯ ಐಸ್ ಫ್ಯಾಕ್ಟರಿಯೊಂದರಲ್ಲಿ ಕೆಲಸ ಮಾಡಿದ್ದು, ಅಲ್ಲಿ ಪೋಲಾಗುತ್ತಿದ್ದ ಸಿಹಿನೀರಿಗೆ ತಾನು ಒಂದು ಕಾಲುವೆ ಕಟ್ಟಿದ್ದು, ಅದರ ನೀರು ಇಡೀ ಮೀನುಗಾರರ ಕೇರಿ ಕುಡಿದದ್ದು. ಈ ಕತೆಯನ್ನು ಅವನು ಕೇಳಿದವರಿಗೆ, ಕೇಳದವರಿಗೆ, ಕೇಳಿ ಕೇಳಿ ಸಾಕಾದವರಿಗೆ ಹೇಳಿದ್ದಾನೆ. ಆ ಬರಗಾಲದಲ್ಲಿ ನಾವು ಮಕ್ಕಳು ಬೆಳೆಯಲಿಲ್ಲ, ಆದರೆ ಅಪ್ಪನ ಕಾಲುವೆ ಮಾತ್ರ ವರ್ಷ ವರ್ಷಕ್ಕೂ ಉದ್ದ ಬೆಳೆಯಿತು. ಕೊನೆಕೊನೆಗೆ ಅದು ಬೀದರಿನ ಕೋಟೆಯ ಕಂದಕಕ್ಕೆ ಸಮ ಆಗಿತ್ತು. ನಾನೇ ಎಷ್ಟೋ ಸಲ, "ಅಪ್ಪಾ, ಇನ್ನ ಸಾಕು, ಇಲ್ಲಾಂದ್ರ ಕಾಲುವಿ ಔರಾದಕ್ಕೇ ಬರ್ತದ" ಎಂದು ತಡೆದಿದ್ದೇನೆ.

ಅವ್ವ ಇದ್ದಾಗ ಅದಕ್ಕೊಂದು ಲಗಾಮು ಇತ್ತು. ಅಪ್ಪ ಹೇಳುವಾಗ ಅವಳು ಒಳಗಿನಿಂದ ರೊಟ್ಟಿ ಬಡಿಯುತ್ತಲೇ, "ಅಷ್ಟ ಉದ್ದ ಇರಲಿಲ್ರಿ. ಲೇಕಿನ್ ಇದ್ದದ್ದು ಖರೆ" ಎನ್ನುತ್ತಿದ್ದಳು. ಅದು ಸಾಕಾಗಿತ್ತು. ಅವಳು ತೀರಿಕೊಂಡ ಮೇಲೆ ಅಪ್ಪ ಕತೆ ಹೇಳುವುದನ್ನೇ ಕಡಿಮೆ ಮಾಡಿದ. ಬೆಂಚಿನ ಮೇಲೆ ಕಂಡಕ್ಟರು ಕೆಣಕಿದರೂ ಚಾ ಕುಡಿದು ಎದ್ದು ಬರುತ್ತಿದ್ದ. ಯಾಕೆಂದು ಒಮ್ಮೆ ಕೇಳಿದೆ.

"ಹೌದು ಅಂತ ಗೋಣು ಹಾಕೋರು ಯಾರಿದ್ದಾರ ಈಗ?" ಎಂದ.

"ನಾ ಇದ್ದೆನಲ್ಲ ಅಲ್ಲಿ."

"ನೀ ಮೂಗು ಸುರಿಸ್ಕೋತ ತಿರಗತಿದ್ದಿ. ನಿನ್ನ ಸಾಕ್ಷಿ ಯಾವ ಕೋರ್ಟಿನಾಗೂ ನಡಿಯಾಂಗಿಲ್ಲ."

ಮಾತು ತಮಾಷೆಯದು, ಮುಖ ತಮಾಷೆಯದಲ್ಲ. ತಾನು ಜೀವನದಲ್ಲಿ ಮಾಡಿದ ಒಂದೇ ದೊಡ್ಡ ಕೆಲಸ ಸುಳ್ಳೆಂದು ಉಳಿದುಹೋಗುತ್ತದೆಂಬ ಭಯ ಅವನಿಗೆ ಹತ್ತಿತ್ತು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ.

ನನ್ನ ನೆನಪೂ ಅವನು ಹೇಳಿದ ಹಾಗೆ ಕೋರ್ಟಿಗೆ ಬರುವಂಥದ್ದಲ್ಲ. ಆ ವರ್ಷಗಳಲ್ಲಿ ನಾವು ಔರಾದ್ ಕಡೆಯ ಒಂದು ಹಳ್ಳಿಯಲ್ಲಿದ್ದೆವು. ನಮಗೆ ಹೊಲ ಇರಲಿಲ್ಲ, ಹೊಲ ಇದ್ದವರ ಮನೆಯ ಕೂಲಿ ಇತ್ತು. ಮಳೆ ಹೋದ ಮೇಲೆ ಅದೂ ಹೋಯಿತು. ನೀರಿನ ಸಂಗತಿ ಬೇರೆಯೇ. ಊರ ಬಾವಿಯಲ್ಲಿ ನಮ್ಮ ಕೇರಿಯವರು ಸೇದುವ ಹಾಗಿರಲಿಲ್ಲ. ಕಟ್ಟೆಯ ಕೆಳಗೆ ಕೊಡ ಇಟ್ಟು ನಿಲ್ಲಬೇಕು, ಮೇಲಿನವರು ಯಾರಾದರೂ ಮನಸ್ಸು ಮಾಡಿ ಸುರಿದರೆ ಉಂಟು. ಬಾವಿ ತುಂಬಿದ್ದಾಗಲೇ ಸುರಿಯುವ ಕೈ ಬಿಗಿ, ತಳ ಕಂಡ ಮೇಲೆ ಕೇಳುವುದೇ ಬೇಡ. ಅವ್ವ ಖಾಲಿ ಕೊಡ ಹೊತ್ತು ತಿರುಗಿ ಬಂದದ್ದು ನನಗೆ ಚೆನ್ನಾಗಿ ನೆನಪಿದೆ.

ಭಾಲ್ಕಿಯ ಮುಕಾದಮನೊಬ್ಬ ಕೆಲಸಕ್ಕೆ ಜನ ಒಯ್ಯುತ್ತಿದ್ದ. ಭಾಲ್ಕಿ ಸ್ಟೇಶನ್ನಿನಲ್ಲಿ ಕೊಡ, ಕಂಬಳಿ, ಜೋಳದ ಗಂಟು ಸಮೇತ ರೈಲು ಹತ್ತಿದೆವು. ಮುಂಬೈ ದಾಟಿ, ಲಾರಿಯಲ್ಲಿ ಇನ್ನೂ ಒಂದು ದಿನ ಹೋದ ಮೇಲೆ ಕೊಂಕಣದ ಒಂದು ಮೀನಿನ ಬಂದರು. ಅಲ್ಲಿತ್ತು ಆ ಐಸ್ ಫ್ಯಾಕ್ಟರಿ. ದೋಣಿಗಳಿಗೆ ಮೀನು ಕೆಡದಂತೆ ಐಸ್ ಮಾಡಿಕೊಡುವ, ಸಮುದ್ರಕ್ಕೆ ಬೆನ್ನು ಹಾಕಿ ನಿಂತ ಉದ್ದನೆಯ ಕಲ್ಲಿನ ಕಟ್ಟಡ.

ನೀರಿಲ್ಲದ ಊರಿನವರನ್ನು ನೀರು ಗಟ್ಟಿ ಮಾಡುವ ಕೆಲಸಕ್ಕೆ ಹಚ್ಚಿದ್ದರು. ಒಳಗೆ ನೆಲದ ಮಟ್ಟಕ್ಕೆ ಮರದ ಮುಚ್ಚಳಗಳು, ಮುಚ್ಚಳದ ಕೆಳಗೆ ದೊಡ್ಡ ಟ್ಯಾಂಕು, ಟ್ಯಾಂಕಿನ ತುಂಬ ತಣ್ಣನೆಯ ನೀರು. ಮೊದಲ ದಿನ ಅಪ್ಪ ಮುಚ್ಚಳ ಎತ್ತಿ ನೋಡಿದವನೇ, ಇಷ್ಟು ನೀರು ತಾನು ಹುಟ್ಟಿದಾಗಿನಿಂದ ಒಂದೇ ಕಡೆ ಕಂಡಿಲ್ಲವೆಂದು, ಎರಡೂ ಕೈಯಲ್ಲಿ ಮೊಗೆದು ಗಟಗಟ ಕುಡಿದುಬಿಟ್ಟ. ಅದು ಉಪ್ಪುನೀರು. ಸಿಹಿನೀರು ತುಂಬಿದ ತಗಡಿನ ಡಬ್ಬಿಗಳನ್ನು ಇಳಿಬಿಟ್ಟು ಗಟ್ಟಿ ಮಾಡಲೆಂದೇ ಇದ್ದ, ಸಮುದ್ರಕ್ಕಿಂತ ಹೆಚ್ಚು ಉಪ್ಪಿನ ನೀರು. ಆ ದಿನವೆಲ್ಲ ಅವನು ವಾಂತಿ ಮಾಡಿಕೊಂಡ. ನಮ್ಮ ಕಡೆಯವರು ಒಬ್ಬೊಬ್ಬರಾಗಿ ಅದೇ ತಪ್ಪು ಮಾಡಿದರಂತೆ. ಒಬ್ಬನನ್ನು ನೋಡಿ ಇನ್ನೊಬ್ಬ ಕಲಿಯಲಿಲ್ಲ. ಅಷ್ಟು ನೀರು ಕಂಡ ಮೇಲೆ ಕುಡಿಯದೆ ಇರುವುದು ಹೇಗೆಂದು ಅಪ್ಪ ಈಗಲೂ ಕೇಳುತ್ತಾನೆ.

ಗಟ್ಟಿಯಾದ ಡಬ್ಬಿಗಳನ್ನು ಮೇಲೆತ್ತಿ, ಸಾದಾ ನೀರಿನಲ್ಲಿ ಅದ್ದಿ, ಐಸ್ ಬಿಡಿಸುತ್ತಿದ್ದರು. ಕರಗಿದ ನೀರು, ಅದ್ದಿದ ನೀರು, ಒಡೆದ ಐಸಿನ ಚೂರು, ಎಲ್ಲ ಸಿಹಿ, ಎಲ್ಲ ಹಿಂದಿನ ಬಾಗಿಲಿನಿಂದ ಸಮುದ್ರಕ್ಕೆ. ಇತ್ತ ಮೀನುಗಾರರ ಕೇರಿಯ ಬಾವಿಗಳು ಬೇಸಿಗೆಯಲ್ಲಿ ಉಪ್ಪಾಗುತ್ತಿದ್ದವು. ಅಪ್ಪ ಹುಡುಗನಾಗಿದ್ದಾಗ ಬೀದರಿನ ಸುರಂಗ ಬಾವಿಯ ಹೂಳೆತ್ತುವ ಕೆಲಸಕ್ಕೆ ಹೋಗಿದ್ದವನು. ನೆಲದ ಹೊಟ್ಟೆಯೊಳಗೆ ಎಷ್ಟೋ ದೂರ ನೀರನ್ನು ಮೆಲ್ಲಗೆ ನಡೆಸಿಕೊಂಡು ಬರುವ ಆ ಹಳೆಯ ಕಾಲುವೆಯಲ್ಲಿ ಇಳಿದು ದುಡಿದಿದ್ದ. ಅಲ್ಲಿಯ ಮುದುಕರಿಂದ ಒಂದು ಮಾತು ಕಲಿತಿದ್ದ: ನೀರು ಓಡಿದರೆ ಕೊರೆಯುತ್ತದೆ, ನಿಂತರೆ ಕೊಳೆಯುತ್ತದೆ, ನಡೆಯಬೇಕು. ಮ್ಯಾನೇಜರನನ್ನು ಕಾಡಿ ಬೇಡಿ ಒಪ್ಪಿಸಿ, ಕೆಲಸ ಮುಗಿದ ಮೇಲೆ ನಮ್ಮವರೆಲ್ಲ ಸೇರಿ ಒಳಗೆ ಹಿಂದಿನ ಗೋಡೆಗುಂಟ ಕಾಲುವೆ ತೆಗೆದರು. ಅದರ ಕೊನೆಗೆ, ಗೋಡೆಯ ಆಚೆ, ಒಂದು ಕಲ್ಲಿನ ಹೊಂಡ. ಮೀನುಗಾರರ ಹೆಂಗಸರು ಕೊಡ ತಂದು ತುಂಬಿಕೊಂಡು ಹೋದರು.

ಅಪ್ಪ ಜಂಬ ಪಡುವುದು ಏಕೆಂದು ನಿಮಗೆ ಈಗ ತಿಳಿದಿರಬೇಕು. ಊರಲ್ಲಿ ಕಟ್ಟೆಯ ಕೆಳಗೆ ಕೊಡ ಇಟ್ಟು ನಿಂತವರು ನಾವು. ಇಲ್ಲಿ ನಮ್ಮ ಕೈಯಾರೆ ತಂದ ನೀರಿಗೆ ಬೇರೆಯವರು ಕೊಡ ತಂದರು, ಯಾರೂ ಜಾತಿ ಕೇಳಲಿಲ್ಲ.

ನನ್ನ ಸ್ವಂತ ನೆನಪೆಂದರೆ ಒಂದೇ, ಅದೂ ವಿಚಿತ್ರದ್ದು. ಫ್ಯಾಕ್ಟರಿಯ ಹಿಂಬಾಗಿಲ ಒಳಗೆ ಬಿದ್ದ ಸಂಜೆಯ ಬಿಸಿಲಲ್ಲಿ, ಅವ್ವ ತಲೆಯ ಮೇಲೆ ಎರಡು ತುಂಬಿದ ಕೊಡ ಹೊತ್ತು ಗೋಡೆಯ ಪಕ್ಕದಲ್ಲಿ ಹೋಗುತ್ತಿದ್ದಾಳೆ, ಬರುತ್ತಿದ್ದಾಳೆ, ಮತ್ತೆ ಹೋಗುತ್ತಿದ್ದಾಳೆ. ಅಪ್ಪ ನೆಲಕ್ಕೆ ಕೂತು ನೋಡುತ್ತಿದ್ದಾನೆ. ಅವಳು ಕೊಡ ಇಳಿಸುವುದಿಲ್ಲ, ಅವನು ಇಳಿಸು ಎನ್ನುವುದಿಲ್ಲ. ಅಪ್ಪ ಅವಳಿಗೆ ಏನೋ ಶಿಕ್ಷೆ ಕೊಡುತ್ತಿದ್ದಾನೆಂದು ತಿಳಿದು ನಾನು ಅತ್ತಿದ್ದೆ. ದೊಡ್ಡವಳಾದ ಮೇಲೆ ಅವ್ವನನ್ನು ಕೇಳಿದರೆ ನಕ್ಕು, "ಹಂಗೇ ಸುಮ್ಮ ನಡಿತಿದ್ದೆ" ಎಂದಿದ್ದಳು. ಅಪ್ಪನ ಕತೆಯಲ್ಲಂತೂ ಆ ನಡಿಗೆ ಇರಲೇ ಇಲ್ಲ. ಅವನ ಕತೆಯಲ್ಲಿ ಎಲ್ಲವೂ "ನಾ". ನಾ ನೋಡಿದೆ, ನಾ ಹೇಳಿದೆ, ನಾ ಬರಾಬರ್ ಇಳುಕಲು ಹಿಡಿದೆ.

ಮಳೆ ಬಂತೆಂದು ಸುದ್ದಿ ಬಂದಾಗ ನಾವು ಊರಿಗೆ ಮರಳಿದೆವು. ಹೊರಡುವ ಹೊತ್ತಿಗೆ ಬೇರೆ ಮ್ಯಾನೇಜರು ಬಂದಿದ್ದ. ಫ್ಯಾಕ್ಟರಿಯ ಹಿಂದೆ ಹೆಂಗಸರ ಸಂತೆ ಬೇಡ, ಕಾಲುವೆ ಮುಚ್ಚಿಸುತ್ತೇನೆ ಎಂದಿದ್ದನಂತೆ. ಮುಚ್ಚಿಸಿದನೋ ಬಿಟ್ಟನೋ ನಮಗೆ ತಿಳಿಯಲಿಲ್ಲ.

ಹೋದ ಚಳಿಗಾಲದಲ್ಲಿ ನನ್ನ ಮಗಳು ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದಳು. ಕಡಲ ದಂಡೆಯ ಹಳೆಯ ಐಸ್ ಫ್ಯಾಕ್ಟರಿಯೊಂದನ್ನು ಚಿತ್ರಶಾಲೆ ಮತ್ತು ವಾಚನಾಲಯ ಮಾಡಿದ್ದಾರೆ ಎಂದು. ಅಪ್ಪ ಮೊಬೈಲನ್ನು ಮೂಗಿನ ಹತ್ತಿರ ಹಿಡಿದು ನೋಡಿದ. ಮೇಲೆ ಛಾವಣಿಯ ಕೆಳಗೆ ಒಂದು ಕಬ್ಬಿಣದ ಕೊಕ್ಕೆ ಕಂಡಿತು.

"ಇದು ನಮ್ಮ ಕೊಕ್ಕಿ" ಎಂದ. ಆಮೇಲೆ, "ಹಿಂದಿನ ಗ್ವಾಡಿ ತೋರಿಸಿಲ್ಲ" ಎಂದ.

ನಾನು ಟಿಕೆಟ್ ಮಾಡಿಸಿದೆ. ಈ ವಯಸ್ಸಿನಲ್ಲಿ ಯಾಕೆ ಎಂದವರಿಗೆಲ್ಲ ಬಾಯಿ ಮುಚ್ಚಿಸುವ ಹಾಗೆ ಉತ್ತರ ಕೊಟ್ಟೆ. ಅಪ್ಪ ಎರಡು ಬಾಟಲಿಯಲ್ಲಿ ನಮ್ಮ ಮನೆಯ ನೀರು ತುಂಬಿಕೊಂಡ, ಹೊರಗಿನ ನೀರು ಅವನಿಗೆ ಒಗ್ಗುವುದಿಲ್ಲವೆಂದು. ರೈಲು ಹಲಬರ್ಗಾ ದಾಟಿ ಭಾಲ್ಕಿಯಲ್ಲಿ ನಿಂತಾಗ ಕಿಟಕಿಯಿಂದ ಇಣುಕಿ, "ಇಲ್ಲೇ ನಿಮ್ಮವ್ವ ಕೊಡ ಹಿಡ್ಕೊಂಡು ಕುಂತಿದ್ಲು" ಎಂದ.

ಕಟ್ಟಡದ ಮುಂದೆ ಇಳಿದಾಗ ಒಂದು ಮಾತು ನಾನು ಒಪ್ಪಲೇಬೇಕಾಯಿತು. ನಾನು ಜಗಳಕ್ಕೆ ಸಿದ್ಧಳಾಗಿಯೇ ಹೋಗಿದ್ದೆ. ಬಡವರು ದುಡಿದ ಜಾಗಕ್ಕೆ ಬಣ್ಣ ಬಳಿದು ಶ್ರೀಮಂತರು ಕಾಫಿ ಕುಡಿಯುತ್ತಿರುತ್ತಾರೆ ಎಂದು ಮನಸ್ಸಿನಲ್ಲೇ ಬಯ್ದುಕೊಂಡು ಬಂದಿದ್ದೆ. ಆದರೆ ಇದನ್ನು ಮಾಡಿದವರು ಕಟ್ಟಡವನ್ನು ಪ್ರೀತಿಸಿದ್ದರು. ಗೋಡೆಯ ಕಲ್ಲಿಗೆ ಬಣ್ಣ ಇರಲಿಲ್ಲ. ಕೈಯಿಂದ ಉಜ್ಜಿ, ಬಿರುಕಿಗೆ ಸುಣ್ಣದ ಗಾರೆ ತುಂಬಿದ್ದರು. ಛಾವಣಿಯ ತೊಲೆಗಳಲ್ಲಿ ಹುಳ ತಿಂದಷ್ಟು ಭಾಗ ಮಾತ್ರ ಕತ್ತರಿಸಿ ಹೊಸ ತೇಗ ಸೇರಿಸಿದ್ದರು, ಹಳೆಯದು ಎಲ್ಲಿ ಮುಗಿದು ಹೊಸದು ಎಲ್ಲಿ ಶುರುವೆಂದು ಮುಚ್ಚಿಟ್ಟಿರಲಿಲ್ಲ. ಗಾಯಕ್ಕೆ ಹೊಲಿಗೆ ಹಾಕುವ ಕೆಲಸ ಬಲ್ಲವಳು ನಾನು. ಒಳ್ಳೆಯ ಹೊಲಿಗೆ ನನಗೆ ಗೊತ್ತಾಗುತ್ತದೆ.

ಕಟ್ಟಡ ನೋಡಿಕೊಳ್ಳುವ ಆರ್ಕಿಟೆಕ್ಟ್ ಹುಡುಗಿಯೊಬ್ಬಳು ಬಾಗಿಲಲ್ಲೇ ಸಿಕ್ಕಳು. ಅಪ್ಪ ಔರಾದಿನ ಗಡಿಯ ಮರಾಠಿಯಲ್ಲಿ, ತಾನು ಇಲ್ಲಿ ಕೆಲಸ ಮಾಡಿದವನು ಎಂದ. ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು ನಮ್ಮ ಜೊತೆ ಹೊರಟಳು. ಇಲ್ಲಿ ದುಡಿದವರು ಯಾರಾದರೂ ಬಂದಾರೆಂದು ತಾವು ಕಾಯುತ್ತಿದ್ದೆವು, ಯಾರೂ ಬಂದಿರಲಿಲ್ಲ ಎಂದಳು.

ಒಳಗೆ ನಾನು ಬಾಯಿ ಬಿಟ್ಟು ನೋಡುತ್ತ ನಿಂತೆ. ಡಬ್ಬಿ ಎತ್ತುತ್ತಿದ್ದ ಕೊಕ್ಕೆ ಅದೇ ಕಂಬಿಯ ಮೇಲೆ ಇತ್ತು. ಈಗ ಅದಕ್ಕೆ ದೀಪಗಳು ತೂಗುತ್ತಿದ್ದವು, ದೀಪದ ಗೂಡುಗಳೇ ಆ ಹಳೆಯ ತಗಡಿನ ಡಬ್ಬಿಗಳು. ಗೋಡೆಯ ಮೇಲೆ ಯಾರ್ಯಾರೋ ಬರೆದ ಕಡಲಿನ ಚಿತ್ರಗಳು. ಎಲ್ಲಕ್ಕಿಂತ ಚೆಂದದ್ದು ಆ ಟ್ಯಾಂಕು. ಅದನ್ನು ಮುಚ್ಚಿರಲಿಲ್ಲ. ಮೆಟ್ಟಿಲು ಇಳಿದರೆ ಉಪ್ಪುನೀರು ಇದ್ದ ಜಾಗದಲ್ಲಿ ಉದ್ದ ಮೇಜುಗಳು, ಪುಸ್ತಕ, ಓದುತ್ತ ಕೂತ ಜನ. ಮೇಜಿನ ಹಲಗೆಗಳು ಟ್ಯಾಂಕಿನ ಮುಚ್ಚಳಗಳೇ. ಅಂಚಿನಲ್ಲಿ ಕೊಕ್ಕೆ ಹಾಕಿ ಎತ್ತಿದ ಗುರುತುಗಳು ಹಾಗೇ ಇದ್ದವು. ಮೀನಿನ ವಾಸನೆಯ ಹುಡುಗರಿಬ್ಬರು ಒಂದೇ ಪುಸ್ತಕದ ಮೇಲೆ ತಲೆ ಬಗ್ಗಿಸಿ ಕೂತಿದ್ದರು. ಕಾಫಿ ಕುಡಿಯುವ ಶ್ರೀಮಂತರು ಎಲ್ಲೂ ಕಾಣಲಿಲ್ಲ. ನನ್ನ ಜಗಳವೆಲ್ಲ ವ್ಯರ್ಥವಾಯಿತು, ಸಂತೋಷವಾಯಿತು.

ಅಪ್ಪ ಟ್ಯಾಂಕಿನ ಗೋಡೆಗೆ ಬೆರಳು ಉಜ್ಜಿ ನಾಲಗೆಗೆ ಮುಟ್ಟಿಸಿದ.

"ಇನ್ನೂ ಉಪ್ಪದ" ಎಂದ.

ನಾನು ಬಯ್ಯುವಷ್ಟರಲ್ಲಿ ಆ ಹುಡುಗಿಯೂ ಬೆರಳು ಉಜ್ಜಿ ನೆಕ್ಕಿ ನೋಡಿ ನಕ್ಕಳು. ಆಗಿನಿಂದ ಅವಳು ನನಗೆ ಇಷ್ಟವಾದಳು. ನೆಲ ನಮ್ಮ ಕಡೆಯ ಶಹಾಬಾದ್ ಕಲ್ಲಿನದು ಎಂದು ಅಪ್ಪ ತೋರಿಸಿದ. ಡಬ್ಬಿ ಎಳೆದು ಎಳೆದು ಕಲ್ಲಿನಲ್ಲಿ ಸವೆದ ದಾರಿಯನ್ನು ಸಮ ಮಾಡಬೇಕೆಂದು ಗುತ್ತಿಗೆದಾರರು ಹೇಳಿದ್ದರಂತೆ, ಇವಳು ಬಿಟ್ಟಿರಲಿಲ್ಲ. ಅಪ್ಪ ಆ ಸವೆದ ಜಾಗದಲ್ಲಿ ಚಪ್ಪಲಿ ಬಿಟ್ಟು ನಿಂತ.

ಆದರೆ ಅವನು ನೋಡಲು ಬಂದದ್ದು ಅದಲ್ಲ. ಅವನ ಕಣ್ಣು ಹಿಂದಿನ ಗೋಡೆಯ ಕಡೆಗೇ ಇತ್ತು. ಅಲ್ಲಿಗೆ ಹೋದೆವು. ಹಿಂಬಾಗಿಲು ಇದ್ದಲ್ಲಿ ನೆಲದಿಂದ ಮೇಲಿನವರೆಗೆ ಗಾಜು. ಗಾಜಿನ ಆಚೆ ಸಮುದ್ರ, ಈಚೆ ಬೆಂಚುಗಳು. ಗೋಡೆಯ ಬುಡದುದ್ದಕ್ಕೂ ಪುಸ್ತಕದ ತಗ್ಗು ಕಪಾಟುಗಳು. ಕಾಲುವೆ ಶುರುವಾಗಬೇಕಾದ ಕಡೆ ಬರೀ ನೆಲ. ಗಾಜಿನಿಂದ ಹೊರಗೆ ನೋಡಿದರೆ ಹುಲ್ಲು, ಹೂವಿನ ಗಿಡ, ಓಡಾಡುವ ದಾರಿ. ಹೊಂಡವಿಲ್ಲ, ಏನೂ ಇಲ್ಲ.

"ಇಲ್ಲಿ ಒಂದು ನೀರಿನ ಕಾಲುವೆ ಇತ್ತೇ?" ನಾನು ನನ್ನ ಹರಕು ಮರಾಠಿಯಲ್ಲಿ ಕೇಳಿದೆ.

ಹುಡುಗಿ ಯೋಚಿಸಿದಳು. ತಾವು ಬಂದಾಗ ಇಲ್ಲಿ ಕಸದ ರಾಶಿ ಇತ್ತು, ಅದನ್ನು ತೆಗೆದು ತೊಳೆದದ್ದಷ್ಟೇ, ಕಾಲುವೆಯ ಹಾಗೆ ಕಣ್ಣಿಗೆ ಏನೂ ಬೀಳಲಿಲ್ಲ ಎಂದಳು. ಸುಳ್ಳು ಸಮಾಧಾನ ಹೇಳಲಿಲ್ಲ. ಆ ಕ್ಷಣಕ್ಕೆ ಮಾತ್ರ ನನಗೆ ಅವಳು, ಅವಳ ಗಾಜು, ಅವಳ ಸುಣ್ಣದ ಗಾರೆ ಎಲ್ಲದರ ಮೇಲೂ ಸಿಟ್ಟು ಬಂತು. ಇಷ್ಟೆಲ್ಲ ಉಳಿಸಿದವರಿಗೆ ಅದೊಂದು ಉಳಿಸಲು ಆಗಲಿಲ್ಲವೇ ಎಂದು.

ಅಪ್ಪ ಬೆಂಚಿನ ಮೇಲೆ ಕೂತ. "ಆ ಮ್ಯಾನೇಜರ ಮುಚ್ಚಿಸ್ಯಾನ, ಹೇಳಿದಂಗೇ" ಎಂದ. ಕೈ ತೊಡೆಯ ಮೇಲೆ ಇಟ್ಟುಕೊಂಡು ಸಮುದ್ರ ನೋಡಿದ. ಅವನು ಅಷ್ಟು ಸಣ್ಣಗೆ ಕೂತದ್ದನ್ನು ನಾನು ಅವ್ವ ತೀರಿಕೊಂಡ ದಿನವೂ ನೋಡಿರಲಿಲ್ಲ. ಕಂಡಕ್ಟರು ನೆನಪಾದರು, ಅವರ ಅರ್ಧ ಚಾ ನೆನಪಾಯಿತು. ಇವನನ್ನು ಇಲ್ಲಿಗೆ ಕರೆತಂದು ನಾನೇ ಅವನ ಕತೆಗೆ ಮಣ್ಣು ಹಾಕಿದೆನಲ್ಲ ಎಂದುಕೊಂಡೆ.

"ನೀರು ಕುಡಿ" ಎಂದು ಚೀಲದಿಂದ ಬಾಟಲಿ ತೆಗೆದು ಕೊಟ್ಟೆ. ಮನೆಯಿಂದ ತಂದದ್ದರಲ್ಲಿ ಅದೊಂದೇ ಉಳಿದಿತ್ತು, ಮುಕ್ಕಾಲು ತುಂಬಿತ್ತು.

ಅವನು ಮುಚ್ಚಳ ತೆಗೆದ. ಕುಡಿಯಲಿಲ್ಲ. ಬಾಟಲಿ ಹಿಡಿದು ಎದ್ದು ಆ ಸವೆದ ದಾರಿಯ ತುದಿಗೆ, ಡಬ್ಬಿಗಳನ್ನು ಅದ್ದುತ್ತಿದ್ದ ಜಾಗಕ್ಕೆ ಹೋದ. ಮೊಣಕಾಲು ಹಿಡಿದುಕೊಂಡು ಮೆಲ್ಲಗೆ ಕೆಳಗೆ ಕೂತ. ಆಮೇಲೆ ನನ್ನ ಅಪ್ಪ, ಲೋಟದ ತಳದ ಗುಟುಕನ್ನೂ ದಾಸವಾಳಕ್ಕೆ ಹಾಕುವ ನನ್ನ ಅಪ್ಪ, ಬಾಟಲಿಯನ್ನು ಬಗ್ಗಿಸಿ ಅಷ್ಟೂ ನೀರನ್ನು ನೆಲಕ್ಕೆ ಸುರಿದುಬಿಟ್ಟ.

ಕಾವಲುಗಾರ ಓಡಿ ಬಂದ. ಹುಡುಗಿ ಕೈ ಎತ್ತಿ ಅವನನ್ನು ತಡೆದಳು.

ನೀರು ಕಲ್ಲಿನ ಮೇಲೆ ಒಂದು ತಟ್ಟೆಯಷ್ಟು ಅಗಲವಾಗಿ ಹರಡಿ ನಿಂತಿತು. ಎತ್ತ ಹೋಗುವುದೆಂದು ತಿಳಿಯದ ಹಾಗೆ ಕಂಡಿತು. ನಂತರ ಅದರ ಅಂಚು ಒಂದು ಕಡೆ ಉಬ್ಬಿತು. ಅಲ್ಲಿಂದ ಬೆರಳಿನಷ್ಟು ಅಗಲದ ಒಂದು ಗೆರೆ ಹೊರಟಿತು. ಸಮುದ್ರ ಇರುವ ಗಾಜಿನ ಕಡೆಗಲ್ಲ, ಗೋಡೆಯ ಉದ್ದಕ್ಕೆ, ಪಕ್ಕಕ್ಕೆ. ಕಣ್ಣಿಗೆ ಸಮವೆಂದು ಕಾಣುವ ಆ ನೆಲದಲ್ಲಿ ಬಳ್ಳಿಯಷ್ಟು ತೆಳುವಾದ ಒಂದು ತಗ್ಗು ಇತ್ತು. ನೀರು ಓಡಲಿಲ್ಲ, ನಿಲ್ಲಲೂ ಇಲ್ಲ. ನಡೆಯಿತು. ಅಪ್ಪ ಎದ್ದು ಗೋಡೆ ಹಿಡಿದು ಅದರ ಪಕ್ಕದಲ್ಲೇ ನಡೆದ. ನಾವೂ ನಡೆದೆವು. ಕೊನೆಯ ಕಪಾಟಿನ ಕೆಳಗೆ ಅದು ಮರೆಯಾಯಿತು, ಮತ್ತು ಗೋಡೆಯ ಒಳಗೆಲ್ಲೋ ತೊಟ್ಟಿಕ್ಕುವ ಸದ್ದು ಬಂತು.

ಹುಡುಗಿ ನೆಲಕ್ಕೆ ಮಲಗಿಯೇಬಿಟ್ಟಳು, ಕಿವಿ ಕಲ್ಲಿಗೆ ಹಚ್ಚಿ. ಈ ಕೋಣೆ ತೊಳೆದಾಗಲೆಲ್ಲ ತಾನಾಗಿ ಒಣಗುತ್ತದೆ, ಇಲ್ಲಿಗೆ ಹಾಕಬೇಕೆಂದಿದ್ದ ಮೋರಿಯನ್ನು ಅದಕ್ಕೇ ಹಾಕಲಿಲ್ಲ, ನೀರು ಎಲ್ಲಿಗೆ ಹೋಗುತ್ತದೆಂದು ತಮಗೂ ಆಶ್ಚರ್ಯವಿತ್ತು ಎಂದಳು. ಆಮೇಲೆ ಥಟ್ಟನೆ ಎದ್ದು ನಮ್ಮನ್ನು ಹೊರಗೆ ಕರೆದೊಯ್ದಳು. ಗೋಡೆಯ ತಿರುವಿನ ಆಚೆ, ಗಾಜಿನಿಂದ ಕಾಣದ ಕಡೆ, ಕಲ್ಲಿನ ಮುಚ್ಚಳದ ಒಂದು ತೊಟ್ಟಿ. ಹಳೆಯ ಬಾವಿಯೆಂದು ತಿಳಿದು ತಾವು ತೋಟಕ್ಕೆ ಅದರ ನೀರು ಬಳಸುತ್ತಿದ್ದೇವೆ ಎಂದಳು. ಕಾವಲುಗಾರ ಮುಚ್ಚಳ ಸರಿಸಿದ. ಕೆಳಗೆ ನೀರು. ಒಳಬದಿಯ ಒಂದು ಬಾಯಿಯಿಂದ ನಮ್ಮ ಚಿದ್ರಿ ಮನೆಯ ನೀರು ಹನಿಹನಿಯಾಗಿ ಬೀಳುತ್ತಿತ್ತು.

ಅಪ್ಪನ ಕಾಲುವೆ ಅವನು ಹೇಳಿದ್ದರ ಕಾಲು ಭಾಗವೂ ಉದ್ದ ಇರಲಿಲ್ಲ. ನನಗೆ ಅದು ಬೀದರಿನ ಸುರಂಗ ಬಾವಿಗಿಂತ ದೊಡ್ಡದಾಗಿ ಕಂಡಿತು. ನಾನು ಅಳುತ್ತಿದ್ದೆ, ಅದನ್ನು ಹೇಳಲು ನಾಚಿಕೆಯಿಲ್ಲ.

"ಇಷ್ಟು ಸಣ್ಣ ಇಳುಕಲನ್ನು ಹೇಗೆ ಹಿಡಿದಿರಿ? ಯಾವ ಉಪಕರಣ ಇತ್ತು?" ಹುಡುಗಿ ಕೇಳಿದಳು.

ಅಪ್ಪ ತನ್ನ ಕತೆಯ ಆ ಭಾಗಕ್ಕೆ ಬಂದಾಗ ಯಾವಾಗಲೂ ಎದೆ ಸೆಟೆಸಿ "ನನ್ನ ಕಣ್ಣು" ಎನ್ನುತ್ತಿದ್ದ. ಈಗ ತೊಟ್ಟಿಯ ಅಂಚು ಹಿಡಿದು ನಿಂತ. ನಂತರ ಮರಾಠಿ ಬಿಟ್ಟು ನಮ್ಮ ಮಾತಿನಲ್ಲಿ, ನನ್ನ ಕಡೆ ತಿರುಗಿ ಹೇಳಿದ.

"ಉಪಕರಣ ಎಲ್ಲೀದು. ನಿಮ್ಮವ್ವಗ ಎರಡು ಕೊಡ ಹೊರಿಸಿದೆ. ತುಂಬಿದ ಕೊಡ ಹೊತ್ತಾಕಿ ಓಡಾಂಗಿಲ್ಲ, ಓಡಿದ್ರ ಚಲ್ತದ. ನಿಲ್ಲಾಂಗಿಲ್ಲ, ನಿಂತ್ರ ಕುತ್ತಿಗಿ ನೋಯ್ತದ. ನೀರು ಬಿಟ್ಟು ಆಕಿಗಿ ಬಾಜೂಕ ನಡಿ ಅಂದೆ. ನೀರು ಮುಂದ ಹೋದ್ರ ಹಾಸುಗಲ್ಲಿನ ಬುಡಕ ಮಣ್ಣು ತುಂಬಿ ಎತ್ತರ ಮಾಡಿದೆ, ಹಿಂದ ಬಿದ್ರ ಕೆದರಿ ತಗ್ಗು ಮಾಡಿದೆ. ನೀರು, ಆಕಿ, ಇಬ್ಬರೂ ಜೋಡಿ ನಡಿಯೋ ತನಾ ಬಿಡಲಿಲ್ಲ. ಪಾಪ, ಅದೆಷ್ಟು ಸಂಜಿ ನಡದ್ಲು."

ಸಂಜೆಯ ಬಿಸಿಲು, ಎರಡು ಕೊಡ, ಕೂತು ನೋಡುವ ಅಪ್ಪ. ನಾನು ಶಿಕ್ಷೆಯೆಂದು ತಿಳಿದು ಅತ್ತದ್ದು ಅದಕ್ಕೆ.

"ಇಷ್ಟು ವರ್ಷ ಯಾಕ ಹೇಳಲಿಲ್ಲ?"

"ಆಕಿ ಇದ್ಲಲ್ಲ. ಇದ್ದಾಗ ಹೇಳಿದ್ರ ತಲಿ ಮ್ಯಾಲ ಏರಿ ಕುಂದ್ರತಿದ್ಲು" ಎಂದು ಅಪ್ಪ ನಗಲು ನೋಡಿದ, ಆಗಲಿಲ್ಲ. "ನಾ ಕಾಲುವಿ ನೋಡ್ಲಿಕ್ಕೆ ಬಂದಿದ್ದೆ. ಒಳಗ ನೀರು ಹೊಂಟದ್ದು ನೋಡಿದ್ಯಲ್ಲ, ಅದು ಆಕಿ ನಡಿಗಿ."

ನಾನು ಹುಡುಗಿಗೆ ಅರ್ಥ ಮಾಡಿ ಹೇಳಿದೆ. ಅವಳು ಗೋಡೆಗೆ ಒಂದು ಫಲಕ ಹಾಕುತ್ತೇವೆ ಎಂದಳು, ಏನು ಬರೆಯಬೇಕೆಂದು ಕೇಳಿದಳು. ಕತೆಯನ್ನು ಕಂದಕದಷ್ಟು ಉದ್ದ ಮಾಡಿದ ಮನುಷ್ಯ, ಬರೆಯುವುದು ಇರಲಿ, ಮಳೆಗಾಲಕ್ಕೆ ಮೊದಲು ಒಳಗಿನ ಕಸ ತೆಗೆಸಿ ಎಂದ. ಆಮೇಲೆ ತಡೆದು, ಬರೆಯುವುದಾದರೆ ಆಕೆಯದೂ ಬರೆಯಿರಿ ಎಂದ.

ಬೀದರಿಗೆ ಮರಳಿದ ಮರುದಿನ ಬೆಳಿಗ್ಗೆ ಅವನ ಜೊತೆ ನಾನೂ ಚಾ ಅಂಗಡಿಗೆ ಹೋದೆ. ಮೊಬೈಲಿನಲ್ಲಿ ಎಲ್ಲದರ ವೀಡಿಯೊ ಇತ್ತು. ಕಂಡಕ್ಟರ ಮುಖದೆದುರು ಹಿಡಿಯಬೇಕೆಂದು ಇಡೀ ದಾರಿ ಕಾದಿದ್ದೆ. ಅವರು ನಮ್ಮನ್ನು ಕಂಡವರೇ ಬೆಂಚಿನಲ್ಲಿ ಜಾಗ ಮಾಡಿದರು.

"ಬಂದ್ರ್ಯಾ? ಸಿಕ್ತೇನ್ರಿ ಕಾಲುವಿ?"

"ಸಿಕ್ತು" ಎಂದ ಅಪ್ಪ. "ಸಣ್ಣದದ."

ಕಂಡಕ್ಟರು ಕೆಣಕಲು ತೆರೆದ ಬಾಯಿಯನ್ನು ಹಾಗೇ ಮುಚ್ಚಿದರು. ಅಪ್ಪನ ಬಾಯಿಂದ ಸಣ್ಣದೆಂಬ ಮಾತನ್ನು ಅವರು ಮೊದಲ ಸಲ ಕೇಳಿದ್ದರು. ನಾನು ಮೊಬೈಲ್ ತೆಗೆದೆ. ಅಪ್ಪ ಅದರ ಮೇಲೆ ಕೈ ಇಟ್ಟ.

"ತಡಿ. ಅದು ಆಮ್ಯಾಲ" ಎಂದ. ಬೆಂಚಿನವರ ಕಡೆ ತಿರುಗಿ, ಚಾದ ಲೋಟ ಕೆಳಗಿಟ್ಟು, ಅಷ್ಟು ವರ್ಷದ ಕತೆಯನ್ನು ಹೊಸದಾಗಿ ಶುರು ಮಾಡಿದ: "ನಮ್ಮನಿಯಾಕಿ ಎರಡು ಕೊಡ ಹೊತ್ತು ಹ್ಯಾಂಗ ನಡಿತಿದ್ಲು ಅಂದ್ರ..."